ಕನ್ನಡಕ ಬಿಡಿಸುವ ಆಪರೇಷನ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯವರು ಕಣ್ಣು ತೋರಿಸಲು ಬಂದಾಗ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಉಳಿಸಿದ್ದೇವೆ. ಸುಲಭದ್ದು ಮೊದಲಿಗಿದೆ, ಸಿಕ್ಕು ಬಿಡಿಸಬೇಕಾದದ್ದು ಕೊನೆಗಿದೆ. ನಿಮಗೆ ಬೇಕಾದ ಒಂದನ್ನೇ ಓದಿದರೂ ಸಾಕು. ನಿಮ್ಮ ಕಣ್ಣನ್ನು ಅಳೆದು ನೋಡಿದ ಡಾಕ್ಟರು ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ.

## ಶುರುವಿನ ಪ್ರಶ್ನೆಗಳು

ಲೇಸರ್ ಮಾಡಿಸಿದ್ರೆ ಕಣ್ಣೊಳಗೆ ಏನಾಗುತ್ತೆ? ಇದ್ದ ನಂಬರ್ ಎಲ್ಲಿಗೆ ಹೋಗುತ್ತೆ?

ಕಣ್ಣಿನ ಎದುರಿಗೆ, ಕೈಗಡಿಯಾರದ ಗಾಜಿನ ಹಾಗೆ ಉಬ್ಬಿರುವ ಪಾರದರ್ಶಕ ಪದರವೇ ಕಾರ್ನಿಯಾ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದ್ದು, ಸುಮಾರು 43 ಡಯಾಪ್ಟರ್ (ಕನ್ನಡಕದ ನಂಬರ್ ಹೇಳುವ ಅಳತೆಯೇ ಇದು). ಉಳಿದದ್ದನ್ನು ಪಾಪೆಯ ಹಿಂದಿರುವ ಮಸೂರ ನೋಡಿಕೊಳ್ಳುತ್ತದೆ. ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಅದು ಒಂದು ಮಿಲಿಮೀಟರ್ ಹೆಚ್ಚಿಗೆ ಬೆಳೆದರೂ ಎರಡೂವರೆಯಿಂದ ಮೂರರಷ್ಟು ಮೈನಸ್ ನಂಬರ್ ಬಂದುಬಿಡುತ್ತದೆ.

ಹೀಗೆ ಉದ್ದವಾದ ಕಣ್ಣನ್ನು ಲೇಸರ್ ಗಿಡ್ಡ ಮಾಡುವುದಿಲ್ಲ. ಕಾರ್ನಿಯಾದ ನಡುವಿನ ಉಬ್ಬನ್ನು ಚೂರು ಚಪ್ಪಟೆ ಮಾಡಿ, ಬೆಳಕು ಸರಿಯಾಗಿ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಬೀಳುವಂತೆ ಮಾಡುತ್ತದೆ, ಅಷ್ಟೇ. ಆದ್ದರಿಂದ ದೊಡ್ಡ ಮೈನಸ್ ಇದ್ದವರಿಗೆ ಕನ್ನಡಕ ಹೋದರೂ ರೆಟಿನಾ ತೆಳುವಾಗಿರುವುದು, ಅದರಲ್ಲಿ ತೂತು ಬೀಳುವ ಸಂಭವ, ಎರಡೂ ಹಾಗೇ ಉಳಿಯುತ್ತವೆ. ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ರೆಟಿನಾ ನೋಡಿಸುವುದನ್ನು ಬಿಡಬಾರದು.

ಇದಕ್ಕೆ ಬಳಸುವ ಎಕ್ಸೈಮರ್ ಲೇಸರ್‌ನ ಅಲೆಯ ಉದ್ದ 193 ನ್ಯಾನೋಮೀಟರ್. ಸುತ್ತಲಿನ ಜಾಗ ಸುಡದೆ ಅಂಗಾಂಶವನ್ನು ಕೆತ್ತಬಹುದೆಂದು 1981ರಲ್ಲಿ ತೋರಿಸಿಕೊಟ್ಟವರು ಐಬಿಎಂ ಪ್ರಯೋಗಾಲಯದಲ್ಲಿದ್ದ, ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿಗಳು. ಅವರು ಮೊದಲು ಕೆತ್ತಿ ನೋಡಿದ್ದು ಹಬ್ಬದೂಟದಲ್ಲಿ ಮಿಕ್ಕಿದ್ದ ಟರ್ಕಿ ಕೋಳಿಯ ತುಂಡನ್ನು!

ಲೇಸಿಕ್, ಪಿಆರ್‌ಕೆ, ಸ್ಮೈಲ್ ಅಂತ ಮೂರು ಹೆಸರು ಹೇಳಿದ್ರು. ಯಾವುದು ಒಳ್ಳೇದು?

ಮೂರರಲ್ಲೂ ಕೆತ್ತುವುದು ಕಾರ್ನಿಯಾವನ್ನೇ. ಅಲ್ಲಿಗೆ ತಲುಪುವ ದಾರಿ ಬೇರೆ ಬೇರೆ.

ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲುಭಾಗದಲ್ಲಿ 100ರಿಂದ 120 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಒಂದು ಮುಚ್ಚಳ ಕತ್ತರಿಸುತ್ತಾರೆ. ಇದಕ್ಕೆ ಫ್ಲಾಪ್ ಅನ್ನುತ್ತಾರೆ. ಒಂದು ಕಡೆ ಬಿಜಾಗರಿ ಹಾಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಮಗುಚಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ. ಮರುದಿನವೇ ಚೆನ್ನಾಗಿ ಕಾಣುತ್ತದೆ, ನೋವು ಕೆಲವೇ ಗಂಟೆ. ಆದರೆ ಆ ಮುಚ್ಚಳ ಅಂಚಿನಲ್ಲಿ ಮಾತ್ರ ಗಟ್ಟಿಯಾಗಿ ಕೂರುತ್ತದೆ. ವರ್ಷಗಳ ನಂತರವೂ ಜೋರು ಪೆಟ್ಟು ಬಿದ್ದರೆ ಸರಿಯಬಹುದು.

ಪಿಆರ್‌ಕೆಯಲ್ಲಿ ಮುಚ್ಚಳವೇ ಇಲ್ಲ. ಮೇಲಿನ ತೆಳು ಸಿಪ್ಪೆಯಂಥ ಪದರವನ್ನು ತೆಗೆದು ನೇರವಾಗಿ ಲೇಸರ್ ಹಾಯಿಸುತ್ತಾರೆ. ಆ ಸಿಪ್ಪೆ ಮತ್ತೆ ಬೆಳೆಯಲು ನಾಲ್ಕೈದು ದಿನ ಬೇಕು. ಅಲ್ಲಿಯವರೆಗೆ ಬ್ಯಾಂಡೇಜ್ ಆಗಿ ಒಂದು ಕಾಂಟ್ಯಾಕ್ಟ್ ಲೆನ್ಸ್ ಇಟ್ಟಿರುತ್ತಾರೆ. ಮೊದಲ ಎರಡು ಮೂರು ದಿನ ನಿಜವಾಗಿಯೂ ನೋವು, ಉರಿ, ನೀರು. ದೃಷ್ಟಿ ಪೂರ್ತಿ ತಿಳಿಯಾಗಲು ಒಂದರಿಂದ ಮೂರು ತಿಂಗಳು. ಆದರೆ ಒಮ್ಮೆ ವಾಸಿಯಾದ ಮೇಲೆ ಸರಿಯಲು ಅಲ್ಲಿ ಏನೂ ಇಲ್ಲ.

ಸ್ಮೈಲ್‌ನಲ್ಲಿ ಫೆಮ್ಟೋಸೆಕೆಂಡ್ ಎಂಬ ಇನ್ನೊಂದು ಬಗೆಯ ಲೇಸರ್ ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆಯನ್ನು ಬಿಡಿಸುತ್ತದೆ. 2ರಿಂದ 4 ಮಿಲಿಮೀಟರ್ ಸೀಳಿನಿಂದ ಡಾಕ್ಟರು ಅದನ್ನು ಹೊರಗೆ ಎಳೆಯುತ್ತಾರೆ. ಕತ್ತರಿಸುವ ನರಗಳು ಕಡಿಮೆ, ಹಾಗಾಗಿ ಕಣ್ಣು ಒಣಗುವುದೂ ಕೊಂಚ ಕಡಿಮೆ. ಪ್ಲಸ್ ನಂಬರಿನವರಿಗೆ ಸಾಮಾನ್ಯವಾಗಿ ಇದು ಆಗುವುದಿಲ್ಲ. ಉಳಿದ ನಂಬರ್ ತೆಗೆಯಲು ಎರಡನೇ ಸಲ ಮಾಡುವುದೂ ಲೇಸಿಕ್‌ನಷ್ಟು ಸಲೀಸಲ್ಲ.

ಯಾವುದು ಒಳ್ಳೆಯದು ಎಂಬುದಕ್ಕೆ ನಮ್ಮ ಉತ್ತರ: ನಿಮ್ಮ ಕಾರ್ನಿಯಾದ ಅಳತೆ ಮತ್ತು ನಿಮ್ಮ ಕೆಲಸ ಎರಡನ್ನೂ ನೋಡಿ ಹೇಳಬೇಕು. ಬ್ಯಾಂಕಿನ ಕೆಲಸದವರಿಗೆ ಲೇಸಿಕ್ ಚೆನ್ನಾಗಿಯೇ ಹೊಂದುತ್ತದೆ. ಅಡಿಕೆ ಮರ ಹತ್ತಿ ಕೊನೆ ತೆಗೆಯುವವರು, ಕಬಡ್ಡಿ ಆಡುವವರು, ಸೋಗೆ ಟೊಂಗೆಗಳ ನಡುವೆ ದಿನ ಕಳೆಯುವವರು ಮುಚ್ಚಳವಿಲ್ಲದ ವಿಧಾನ ಕೇಳುವುದು ಬುದ್ಧಿವಂತಿಕೆ. ಮಷೀನು ಎಷ್ಟು ಹೊಸದು ಎನ್ನುವುದಕ್ಕೆ ಜನ ಕೊಡುವ ಬೆಲೆ ಜಾಸ್ತಿಯಾಯಿತು.

ಮಗಳಿಗೆ 18 ತುಂಬಿತು. ಇಂಜಿನಿಯರಿಂಗ್ ಸೇರೋಕೆ ಮುಂಚೆ ಮಾಡಿಸಿಬಿಡೋಣ ಅಂತ.

ವಯಸ್ಸಿಗಿಂತ ನಂಬರ್ ನಿಂತಿದೆಯಾ ಎಂಬುದು ಮುಖ್ಯ. ಒಂದು ವರ್ಷದಲ್ಲಿ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಬದಲಾಗಿರಬಾರದು. ಹಳೆಯ ಕನ್ನಡಕದ ಚೀಟಿಗಳನ್ನು ಎಸೆಯದೆ ತನ್ನಿ. 18 ಕನಿಷ್ಠ ವಯಸ್ಸು ಅಷ್ಟೇ. 21 ದಾಟಿದ ಮೇಲೆ ಮಾಡಿಸಿದರೆ ನಂಬರ್ ಮರಳುವ ಸಂಭವ ಕಡಿಮೆ. ಎರಡು ಮೂರು ವರ್ಷ ಕಾಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಮುಂದಿನ ತಿಂಗಳು ಮದುವೆ. ಫೋಟೋದಲ್ಲಿ ಕನ್ನಡಕ ಬೇಡ ಅನ್ನುತ್ತಿದ್ದಾರೆ.

ಬೇಡ. ಮದುವೆ ಮನೆಯಲ್ಲಿ ಹೋಮದ ಹೊಗೆ, ನಿದ್ದೆಗೆಟ್ಟ ಕಣ್ಣು, ಕಾಡಿಗೆ, ಮೇಲೆ ಬೀಳುವ ಅಕ್ಷತೆ. ಹೊಸದಾಗಿ ಆಪರೇಷನ್ ಆದ ಕಣ್ಣಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಮಾಡಿಸುವುದಾದರೆ ಲೇಸಿಕ್ ಆಗಲಿ ಸ್ಮೈಲ್ ಆಗಲಿ ಎರಡು ಮೂರು ತಿಂಗಳು ಮೊದಲೇ ಆಗಿರಬೇಕು. ಅದಾಗದಿದ್ದರೆ ಮದುವೆ ದಿನಕ್ಕೆ ಒಂದು ದಿನ ಹಾಕಿ ಎಸೆಯುವ ಕಾಂಟ್ಯಾಕ್ಟ್ ಲೆನ್ಸ್ ಸಾಕು. ಬಸುರಿ ಇರುವಾಗ ಮತ್ತು ಎದೆಹಾಲು ಕುಡಿಸುವಾಗ ನಂಬರ್ ಏರಿಳಿಯುತ್ತದೆ. ಆಗಲೂ ಮಾಡಿಸುವಂತಿಲ್ಲ.

ನನಗೆ 46. ಚಾಳೀಸೂ ಒಟ್ಟಿಗೇ ಹೋಗುತ್ತಾ?

ಇಲ್ಲ. ನಲವತ್ತರ ಮೇಲೆ ಹತ್ತಿರದ ಅಕ್ಷರ ಕಾಣದಿರುವುದಕ್ಕೆ ಕಾರಣ ಒಳಗಿನ ಮಸೂರ ಬಿಗಿಯಾಗುವುದು. ಕಾರ್ನಿಯಾ ಕೆತ್ತಿ ಅದನ್ನು ಸರಿಪಡಿಸಲಾಗದು. ಇಲ್ಲೊಂದು ನಷ್ಟವೂ ಇದೆ, ಬಹಳ ಜನರಿಗೆ ಅದು ಆಮೇಲೆ ಹೊಳೆಯುತ್ತದೆ. ನಿಮಗೆ -2.50 ಇದ್ದರೆ ಈಗ ಕನ್ನಡಕ ತೆಗೆದು, ಪೇಪರನ್ನು ಮೊಳದಷ್ಟು ದೂರ ಹಿಡಿದು ಆರಾಮಾಗಿ ಓದುತ್ತೀರಿ. ದೂರದ ನಂಬರ್ ಪೂರ್ತಿ ತೆಗೆಸಿದ ಮರುದಿನದಿಂದ ಆ ಪೇಪರಿಗೆ ಚಾಳೀಸು ಬೇಕು.

ಒಂದು ಕಣ್ಣನ್ನು ದೂರಕ್ಕೆ ಸರಿಮಾಡಿ, ಇನ್ನೊಂದರಲ್ಲಿ -1.25 ಅಥವಾ -1.50 ಉಳಿಸುವ ಮೊನೋವಿಷನ್ ಎಂಬ ಉಪಾಯ ಇದೆ. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ತಲೆಸುತ್ತು. ಮೊದಲು ಒಂದು ವಾರ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಹಾಗೇ ಇದ್ದು ನೋಡಿ: ಬೈಕ್ ಓಡಿಸಿ, ಲೆಕ್ಕ ಬರೆಯಿರಿ, ಮೆಟ್ಟಿಲು ಇಳಿಯಿರಿ. ಆಗದಿದ್ದರೆ ಲೆನ್ಸ್ ತೆಗೆದರೆ ಮುಗಿಯಿತು.

## ತಪಾಸಣೆ, ಹೌದು ಮತ್ತು ಇಲ್ಲ

ಅರ್ಧ ದಿನ ಬರೀ ಟೆಸ್ಟೇ ಮಾಡಿದ್ರು. ಅಷ್ಟೆಲ್ಲ ಬೇಕಾ?

ಬೇಕು. ಕಾರ್ನಿಯಾದ ಮುಂದಿನ ಹಿಂದಿನ ಎರಡೂ ಮೈಯ ನಕ್ಷೆ, ಎಲ್ಲಿ ಎಷ್ಟು ದಪ್ಪ ಎಂಬ ಲೆಕ್ಕ, ಕತ್ತಲಲ್ಲಿ ಪಾಪೆ ಎಷ್ಟು ಅಗಲವಾಗುತ್ತದೆ, ಕಣ್ಣೀರು ಸಾಕಷ್ಟಿದೆಯಾ, ಕಣ್ಣಿನ ಒತ್ತಡ, ರೆಟಿನಾ—ಇವಿಷ್ಟನ್ನೂ ನೋಡದೆ ದಿನ ಗೊತ್ತು ಮಾಡುವ ಕಡೆ ಮಾಡಿಸಬೇಡಿ. ಕಣ್ಣೀರಿನ ಪರೀಕ್ಷೆ ನೋಡಲು ತಮಾಷೆ: ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸುತ್ತಾರೆ. 5 ಮಿಲಿಮೀಟರ್ ಕೂಡ ಒದ್ದೆಯಾಗದಿದ್ದರೆ ಕಣ್ಣು ತೀರಾ ಒಣಗಿದೆ ಎಂದರ್ಥ.

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾವನ್ನು ಒತ್ತಿ ಅದರ ಆಕಾರ ಬದಲಿಸುತ್ತದೆ. ಮೆತ್ತಗಿನ ಲೆನ್ಸನ್ನು ಟೆಸ್ಟಿಗೆ ಒಂದೆರಡು ವಾರ ಮೊದಲು, ಗಟ್ಟಿ ಲೆನ್ಸನ್ನು ಕಡಿಮೆಯೆಂದರೆ ಮೂರು ನಾಲ್ಕು ವಾರ ಮೊದಲು ಬಿಡಬೇಕು. "ನಿನ್ನೆವರೆಗೂ ಹಾಕಿದ್ದೆ" ಎನ್ನುವುದನ್ನು ಮುಚ್ಚಿಟ್ಟರೆ ಅಳತೆ ತಪ್ಪುತ್ತದೆ, ತಪ್ಪು ಅಳತೆಗೇ ಲೇಸರ್ ಬೀಳುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಅದು ಕಣ್ಣು ಒಣಗಿಸುತ್ತದೆ.

ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಮಂಜು. ಆವತ್ತು ಬೈಕಿನಲ್ಲಿ ಒಬ್ಬರೇ ಬರಬೇಡಿ.

ಕಾರ್ನಿಯಾ ತೆಳು, ಆಗಲ್ಲ ಅಂತ ವಾಪಸ್ ಕಳಿಸಿದ್ರು. ಬೇರೆ ಕಡೆ ಕೇಳಿದ್ರೆ ಮಾಡ್ತಾರಾ?

ಮಾಡುವವರು ಸಿಗಬಹುದು. ಅದೇ ಅಪಾಯ. ಲೆಕ್ಕವನ್ನು ನೀವೇ ಹಾಕಿ ನೋಡಿ.

ಕಾರ್ನಿಯಾದ ನಡುದಪ್ಪ 520 ಮೈಕ್ರಾನ್, ನಂಬರ್ -6 ಎಂದುಕೊಳ್ಳಿ. ಲೇಸಿಕ್ ಮುಚ್ಚಳಕ್ಕೆ 110 ಹೋಯಿತು. ಒಂದು ಡಯಾಪ್ಟರ್‌ಗೆ ಸುಮಾರು 14 ಮೈಕ್ರಾನ್ ಕೆತ್ತಬೇಕು, ಆರಕ್ಕೆ 84. ಎರಡೂ ಸೇರಿ 194. ಕೆಳಗೆ ಉಳಿಯುವುದು 326. ಕನಿಷ್ಠ 250 ಉಳಿಯಲೇಬೇಕು, ಜಾಗರೂಕ ಡಾಕ್ಟರು 300 ಕೇಳುತ್ತಾರೆ. ಮುಟ್ಟಿದ ಪಾಲು ಒಟ್ಟು ದಪ್ಪದ ಶೇಕಡ 40ರ ಒಳಗಿರಬೇಕು ಎಂಬುದು ಇನ್ನೊಂದು ಅಳತೆ. ಇಲ್ಲಿ ಶೇಕಡ 37. ಅಂದರೆ ಆಗಬಹುದು.

ಅದೇ ಕಣ್ಣಿಗೆ -9 ಇದ್ದರೆ? 110 ಮತ್ತು 126 ಸೇರಿ 236. ಉಳಿದದ್ದು 284, ಮುಟ್ಟಿದ್ದು ಶೇಕಡ 45. ಇಲ್ಲಿ "ಇಲ್ಲ" ಅಂದ ಡಾಕ್ಟರು ನಿಮಗೆ ಉಪಕಾರ ಮಾಡಿದ್ದಾರೆ. ಹದ ಮೀರಿ ತೆಳುವಾದ ಕಾರ್ನಿಯಾ ಒಳಗಿನ ಒತ್ತಡಕ್ಕೆ ನಿಧಾನವಾಗಿ ಮುಂದಕ್ಕೆ ಉಬ್ಬುತ್ತದೆ. ಎಕ್ಟೇಸಿಯಾ ಎಂದು ಅದರ ಹೆಸರು. ಆಮೇಲೆ ಕನ್ನಡಕ ಹಾಕಿದರೂ ಸರಿ ಕಾಣುವುದಿಲ್ಲ. ದಪ್ಪ ಸಾಕಷ್ಟಿದ್ದರೂ ನಕ್ಷೆಯಲ್ಲಿ ಕೆಳಭಾಗ ಓರೆಯಾಗಿ ಉಬ್ಬಿದ್ದರೆ ಆಗಲೂ ಉತ್ತರ "ಇಲ್ಲ" ಎಂದೇ.

ಹಾಗಾದ್ರೆ ದೊಡ್ಡ ನಂಬರಿನವರಿಗೆ ದಾರಿಯೇ ಇಲ್ವಾ?

ಇದೆ, ಐಸಿಎಲ್. ಕಾರ್ನಿಯಾ ಕೆತ್ತದೆ, ಪಾಪೆಯ ಹಿಂದೆ, ನಿಮ್ಮ ಸ್ವಂತ ಮಸೂರದ ಮುಂದೆ ಒಂದು ಮೆದುವಾದ ಲೆನ್ಸ್ ಕೂರಿಸುತ್ತಾರೆ. ಮೈನಸ್ ಹದಿನೆಂಟರ ಆಸುಪಾಸಿನವರೆಗೂ ಸಿಗುತ್ತದೆ. ಸುಮಾರು 3 ಮಿಲಿಮೀಟರ್ ಸೀಳಿನಿಂದ ಮಡಿಸಿ ತೂರಿಸಿದರೆ ಒಳಗೆ ತಾನೇ ಬಿಚ್ಚಿಕೊಳ್ಳುತ್ತದೆ. ಬೇಡವಾದರೆ ತೆಗೆಯಬಹುದು, ಇದೇ ಇದರ ದೊಡ್ಡ ಗುಣ.

ಆದರೆ ಜಾಗ ಬೇಕು. ಕಾರ್ನಿಯಾದ ಒಳಮೈಯಿಂದ ಮಸೂರದವರೆಗೆ ಕನಿಷ್ಠ 2.8 ಮಿಲಿಮೀಟರ್ ಆಳ ಇರಬೇಕು. ಲೆನ್ಸಿನ ಅಳತೆ ದೊಡ್ಡದಾದರೆ ಅದು ಕಮಾನಿನಂತೆ ಉಬ್ಬಿ ಕಣ್ಣಿನ ಒತ್ತಡ ಏರಿಸುತ್ತದೆ. ಚಿಕ್ಕದಾದರೆ ಸ್ವಂತ ಮಸೂರಕ್ಕೆ ತಾಗಿ ಪೊರೆ ತರಿಸುತ್ತದೆ. ಇದು ಕಣ್ಣಿನೊಳಗಿನ ಆಪರೇಷನ್ ಆದ್ದರಿಂದ ಸೋಂಕು ಅಪರೂಪವಾದರೂ, ಬಂದರೆ ಲೇಸರಿನದಕ್ಕಿಂತ ಗಂಭೀರ. ಒತ್ತಡವನ್ನೂ ಕಾರ್ನಿಯಾದ ಒಳಪದರದ ಜೀವಕೋಶಗಳನ್ನೂ ವರ್ಷಕ್ಕೊಮ್ಮೆ ಎಣಿಸಿ ನೋಡಿಸಬೇಕು. "ಹಾಕಿಸಿ ಮರೆತುಬಿಡಿ" ಅನ್ನುವ ಜಾಹೀರಾತು ನಂಬಬೇಡಿ.

ಮಗನಿಗೆ ಕಣ್ಣು ತುರಿಕೆ, ಯಾವಾಗಲೂ ಉಜ್ಜುತ್ತಾನೆ. ಸಿಲಿಂಡರ್ ನಂಬರ್ ಪ್ರತಿ ಸಲ ಜಾಸ್ತಿ ಆಗ್ತಿದೆ.

ಲೇಸರ್ ಮಾತು ಬದಿಗಿಡಿ. ಸಿಲಿಂಡರ್ ಅಂದರೆ ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ಬಾಗಿರದಿದ್ದಾಗ ಬರುವ ನಂಬರ್. ಮೊದಲು ಕಾರ್ನಿಯಾದ ನಕ್ಷೆ ತೆಗೆಸಿ. ಅಲರ್ಜಿಯಿಂದ ವರ್ಷಗಟ್ಟಲೆ ಉಜ್ಜಿದ ಕಣ್ಣಿನಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಚೂಪಾಗಬಹುದು. ಅದಕ್ಕೆ ಕೆರಟೋಕೋನಸ್ ಅನ್ನುತ್ತಾರೆ. ಬೇಗ ಸಿಕ್ಕರೆ ತಡೆಯಬಹುದು: ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಟ್ಟು ಕಾರ್ನಿಯಾದ ನಾರುಗಳನ್ನು ಬಿಗಿ ಮಾಡುತ್ತಾರೆ. ಹಳೆಯ ಕ್ರಮದಲ್ಲಿ ಬೆಳಕು ಬಿಡುವುದೇ 30 ನಿಮಿಷ. ಇದರಿಂದ ಕನ್ನಡಕ ಹೋಗದು, ರೋಗ ಮುಂದುವರಿಯುವುದು ನಿಲ್ಲುತ್ತದೆ.

ಮೆಡಿಕಲ್ ಶಾಪಿನಲ್ಲಿ "ಹೋದ ಸಲ ಕೊಟ್ಟಿದ್ದ ಡ್ರಾಪ್ಸೇ ಕೊಡಿ" ಎಂದು ಕೇಳಿ ತರುವ ತುರಿಕೆ ಹನಿಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಎಳೆ ವಯಸ್ಸಿಗೇ ಪೊರೆ, ಅದರ ಜೊತೆಗೆ ಸದ್ದಿಲ್ಲದೆ ನರ ತಿನ್ನುವ ಗ್ಲಾಕೋಮಾ. ಪೊರೆ ತೆಗೆಯಬಹುದು, ಸತ್ತ ನರ ಮರಳಿ ಬರುವುದಿಲ್ಲ.

## ಆಪರೇಷನ್ ದಿನ, ಆಮೇಲಿನ ದಿನಗಳು

ಎಚ್ಚರ ಇರುವಾಗಲೇ ಮಾಡ್ತಾರಂತೆ. ನಡುವೆ ಕಣ್ಣು ಆಡಿಸಿಬಿಟ್ರೆ?

ಅರಿವಳಿಕೆ ಹನಿ ಮಾತ್ರ, ಇಂಜೆಕ್ಷನ್ ಇಲ್ಲ. ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ ಹಾಕುತ್ತಾರೆ. ಲೇಸಿಕ್ ಮುಚ್ಚಳ ಮಾಡುವಾಗ ಅಥವಾ ಸ್ಮೈಲ್‌ನಲ್ಲಿ ಕಣ್ಣನ್ನು ಒಂದು ಬಟ್ಟಲು ಹಿಡಿದುಕೊಳ್ಳುತ್ತದೆ. ಆಗ ಒತ್ತಿದ ಹಾಗಾಗಿ ಅರ್ಧ ನಿಮಿಷದಷ್ಟು ನೋಟ ಮಸುಕಾಗುತ್ತದೆ, ಗಾಬರಿ ಬೀಳಬೇಡಿ. ಎಕ್ಸೈಮರ್ ಹಾಯುವಾಗ ಟಕಟಕ ಸದ್ದು, ಕೂದಲು ಸುಟ್ಟಂತೆ ವಾಸನೆ. ಕಣ್ಣು ಸರಿದರೆ ಲೇಸರ್ ಹಿಂಬಾಲಿಸುತ್ತದೆ, ಹೆಚ್ಚು ಸರಿದರೆ ತಾನೇ ನಿಲ್ಲುತ್ತದೆ. ಸ್ಮೈಲ್‌ನಲ್ಲಿ ಬಟ್ಟಲಿನ ಹಿಡಿತ ಬಿಟ್ಟುಹೋದರೆ ಆವತ್ತು ನಿಲ್ಲಿಸಿ ಇನ್ನೊಂದು ದಿನ ಅಥವಾ ಇನ್ನೊಂದು ವಿಧಾನಕ್ಕೆ ಹೋಗಬೇಕಾಗಬಹುದು. ನಿಮ್ಮ ಕೆಲಸ ಒಂದೇ: ಹೇಳಿದ ದೀಪ ನೋಡುತ್ತಾ ಸುಮ್ಮನೆ ಮಲಗುವುದು. ಎರಡೂ ಕಣ್ಣಿಗೆ ಸೇರಿ 15-20 ನಿಮಿಷ. ಸೆಂಟು ಪೂಸಿಕೊಂಡು ಬರಬೇಡಿ, ಅದರ ಆವಿ ಲೇಸರಿಗೆ ಅಡ್ಡಿ.

ನಾವು ಹೊಸನಗರದವರು. ಅವತ್ತೇ ಬಸ್ಸಿಗೆ ವಾಪಸ್ ಹೋಗಬಹುದಾ?

ಹೋಗಲು ಆಗುತ್ತದೆ, ಆದರೆ ಮರುದಿನ ಬೆಳಿಗ್ಗೆ ತಪಾಸಣೆಗೆ ಮತ್ತೆ ಬರಲೇಬೇಕು. ಲೇಸಿಕ್ ಆದವರ ಮುಚ್ಚಳ ಸುಕ್ಕಾಗಿದೆಯಾ, ಅದರ ಕೆಳಗೆ ಉರಿಯೂತ ಇದೆಯಾ ಎಂದು ಆಗಲೇ ನೋಡುವುದು. ಸುಕ್ಕು ಮೊದಲ ದಿನವೇ ಸಿಕ್ಕರೆ ಎತ್ತಿ ಸರಿಮಾಡುವುದು ಸುಲಭ, ವಾರ ಕಳೆದರೆ ಕಷ್ಟ. ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಒಂದು ರಾತ್ರಿ ಉಳಿಯಿರಿ, ಜೊತೆಗೆ ಒಬ್ಬರಿರಲಿ. ಮೊದಲ ನಾಲ್ಕಾರು ಗಂಟೆ ಕಣ್ಣಿಗೆ ಮರಳು ಬಿದ್ದ ಹಾಗೆ. ಕಿಟಕಿ ಪಕ್ಕದ ಸೀಟು, ತಿರುವು ದಾರಿ, ಎದುರುಗಾಳಿ ಯಾವುದೂ ಆ ಹೊತ್ತಿಗೆ ಹಿತವಲ್ಲ. ಊಟ ಮಾಡಿ ಮಲಗಿಬಿಡಿ.

ಡ್ರಾಪ್ಸ್ ನಾಲ್ಕು ಬಾಟಲಿ ಕೊಟ್ಟಿದ್ದಾರೆ. ಒಟ್ಟಿಗೇ ಹಾಕಿದ್ರಾಯ್ತಾ?

ಒಂದರ ಹಿಂದೆ ಒಂದು ಹಾಕಿದರೆ ಎರಡನೆಯದು ಮೊದಲಿನದನ್ನು ತೊಳೆದುಹಾಕುತ್ತದೆ. 5 ನಿಮಿಷ ಬಿಡುವು ಕೊಡಿ. ಸೋಪಿನಲ್ಲಿ ಕೈ ತೊಳೆದು, ಕೆಳರೆಪ್ಪೆ ಎಳೆದು, ಆ ಚೀಲದಂಥ ಜಾಗಕ್ಕೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದಿಲ್ಲ.

ಸಾಮಾನ್ಯವಾಗಿ ಆಂಟಿಬಯೋಟಿಕ್ ಒಂದು ವಾರ. ಸ್ಟೀರಾಯ್ಡ್ ಲೇಸಿಕ್‌ಗೆ ಒಂದೆರಡು ವಾರ, ಪಿಆರ್‌ಕೆಗೆ ಎರಡು ಮೂರು ತಿಂಗಳು, ಹಂತಹಂತವಾಗಿ ಇಳಿಸುತ್ತಾ. ಕೃತಕ ಕಣ್ಣೀರು ಮೂರರಿಂದ ಆರು ತಿಂಗಳು. ಜನ ಮೊದಲು ಬಿಡುವುದು ಈ ಕಣ್ಣೀರನ್ನೇ. ಎರಡು ತಿಂಗಳಿಗೆ "ಸಂಜೆ ಮಸುಕು, ನಂಬರ್ ವಾಪಸ್ ಬಂತು" ಎಂದು ಬರುವವರಲ್ಲಿ ಹಲವರಿಗೆ ಬಂದಿರುವುದು ನಂಬರಲ್ಲ, ಒಣಗಿದ ಕಣ್ಣು.

ತೋಟದ ಕೆಲಸಕ್ಕೆ ಯಾವಾಗ ಇಳಿಯಬಹುದು? ಕೊಳೆ ಔಷಧಿ ಹೊಡೆಯೋದು ಹತ್ತಿರ ಬಂತು.

ಹೀಗಾದರೆ ಆಪರೇಷನ್ನನ್ನೇ ಮುಂದಕ್ಕೆ ಹಾಕಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ದೋಟಿ ಹಿಡಿದು ಹೊಡೆಯುವಾಗ ಮುಖ ಮೇಲಕ್ಕೆ ಎತ್ತಿರುತ್ತೀರಿ, ಕೊನೆಯಿಂದ ತೊಟ್ಟಿಕ್ಕಿದ್ದು ನೇರ ಕಣ್ಣಿಗೇ ಬೀಳುತ್ತದೆ. ಸುಣ್ಣ ಕ್ಷಾರ. ಆಮ್ಲಕ್ಕಿಂತ ಇದು ಆಳಕ್ಕೆ ಇಳಿಯುತ್ತದೆ. ಸಿಪ್ಪೆ ಇನ್ನೂ ಬಲಿಯದ ಕಾರ್ನಿಯಾಗೆ ಬಿದ್ದರೆ ಕಲೆ ಉಳಿದೇ ಉಳಿಯುತ್ತದೆ. ಯಾರ ಕಣ್ಣಿಗೆ ಬಿದ್ದರೂ, ಆಪರೇಷನ್ ಆಗಿರಲಿ ಬಿಡಲಿ, ಅಲ್ಲೇ ಶುದ್ಧ ನೀರಿನಲ್ಲಿ ಅರ್ಧ ಗಂಟೆ ತೊಳೆದು ಆಮೇಲೆ ಗಾಡಿ ಹತ್ತಿ. ತೊಳೆಯದೆ ಆಸ್ಪತ್ರೆಗೆ ಓಡಿದ ಅರ್ಧ ಗಂಟೆಯಲ್ಲೇ ಕಣ್ಣು ಹಾಳಾಗುವುದು.

ಇನ್ನೊಂದು, ಭತ್ತದ ಸುಂಕು, ಹುಲ್ಲಿನ ಗರಿ. ಗಿಡದ ಚೂರು ಗೀರಿದ ಕಾರ್ನಿಯಾಗೆ ಶಿಲೀಂಧ್ರದ ಹುಣ್ಣು ಬರುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಮನೆಯೊಳಗಿನ ಲೆಕ್ಕಪತ್ರ, ಕಂಪ್ಯೂಟರ್ ಕೆಲಸ ಮೂರು ನಾಲ್ಕು ದಿನಕ್ಕೆ ಸರಿ. ಮಣ್ಣು, ಸಗಣಿ, ಸೋಗೆ, ಅಡಿಕೆ ಸುಲಿಯುವುದು ಒಂದು ತಿಂಗಳ ಮೇಲೆ, ಅದೂ ಪಕ್ಕ ಮುಚ್ಚುವ ಕನ್ನಡಕ ಹಾಕಿ. ಕೊಯ್ಲು ಮುಗಿದು ಔಷಧಿ ಶುರುವಾಗುವ ಮೊದಲಿನ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆ ಮಾಡಿಸಲು ಹೇಳಿ ಮಾಡಿಸಿದ ಕಾಲ. ಪಿಆರ್‌ಕೆ ಆದವರು ಮಾತ್ರ ಬಿಸಿಲಿಗೆ ಟೋಪಿ, ತಂಪು ಕನ್ನಡಕ ಬಿಡಬಾರದು. ಅತಿನೇರಳೆ ಕಿರಣ ಬಿದ್ದರೆ ಕಾರ್ನಿಯಾದಲ್ಲಿ ಮಸುಕು ಕಟ್ಟುತ್ತದೆ.

ಮಳೆಗಾಲದಲ್ಲಿ ಕಣ್ಣಿನ ಆಪರೇಷನ್ ಮಾಡಿಸಬಾರದಂತೆ, ಹೌದಾ?

ಲೇಸರ್ ಕೋಣೆಯ ತೇವ, ಉಷ್ಣತೆ ಎರಡೂ ಹಿಡಿತದಲ್ಲಿರುತ್ತವೆ, ಹೊರಗೆ ಆಗುಂಬೆಯ ಮಳೆಯೇ ಸುರಿಯಲಿ. ತೊಂದರೆ ಇರುವುದು ಮನೆಯಲ್ಲಿ: ನಾಲ್ಕು ದಿನವಾದರೂ ಒಣಗದ ಟವೆಲು, ಕಲಕಿದ ಬಾವಿ ನೀರು, ಬಚ್ಚಲ ಒಲೆಯ ಹಸಿ ಕಟ್ಟಿಗೆ ಹೊಗೆ. ಮುಖ ಒರೆಸಲು ಕುದಿಸಿ ಇಸ್ತ್ರಿ ಮಾಡಿದ ಬಟ್ಟೆ ಇಡಿ. ಒಂದು ವಾರ ಕತ್ತಿನಿಂದ ಕೆಳಗೆ ಮಾತ್ರ ಸ್ನಾನ. ಎಣ್ಣೆಸ್ನಾನ, ಹೊಳೆ ಈಜು ಒಂದು ತಿಂಗಳು ಬೇಡ.

ಅಮ್ಮ ನಂದಿಬಟ್ಟಲು ಹೂವಿನ ರಸ ಬಿಡ್ತೀನಿ, ತಂಪಾಗುತ್ತೆ ಅಂತಾರೆ.

ಹೂವನ್ನು ದೇವರಿಗೆ ಏರಿಸಲಿ. ಗಿಡದ ರಸ, ಎದೆಹಾಲು, ಜೇನು ಯಾವುದೂ ಕ್ರಿಮಿರಹಿತವಲ್ಲ, ಹಸಿ ಗಾಯಕ್ಕೆ ಅವು ಸೋಂಕಿನ ದಾರಿ. ಅಮ್ಮನಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ ಹನಿ ಹಾಕುವ ವೇಳೆ ನೆನಪಿಸುವ ಕೆಲಸ ಕೊಡಿ.

## ಪೊರೆ ಇದ್ದವರಿಗೆ

ಅಪ್ಪಯ್ಯನಿಗೆ ಪೊರೆ ಇದೆ. ಇನ್ನೂ ಬಲಿಯಲಿ ಅಂತ ಕಾಯ್ತಿದ್ದೇವೆ.

ಕಾಯುವುದು ಹಳೆಯ ಕಾಲದ ಮಾತು. ಈಗ ಪೊರೆಯನ್ನು ಅಲ್ಟ್ರಾಸೌಂಡ್ ಕಂಪನದಿಂದ ಪುಡಿಮಾಡಿ, 3 ಮಿಲಿಮೀಟರ್‌ಗಿಂತ ಚಿಕ್ಕ ಸೀಳಿನಿಂದ ಹೀರಿ ತೆಗೆಯುತ್ತಾರೆ. ಅದೇ ಫೇಕೋ. ಪೊರೆ ಬಲಿತು ಕಂದು ಕಲ್ಲಾದಷ್ಟೂ ಹೆಚ್ಚು ಕಂಪನ ಬೇಕು, ಕಾರ್ನಿಯಾ ಊದಿಕೊಳ್ಳುತ್ತದೆ. ಪೂರ್ತಿ ಬೆಳ್ಳಗಾದ ಪೊರೆ ಉಬ್ಬಿ ಅಥವಾ ಸೋರಿ ಒತ್ತಡ ಏರಿಸಿದರೆ ನೋವು, ವಾಂತಿ, ಕೆಂಪು. ಆಮೇಲೆ ಆಪರೇಷನ್ ಮಾಡಿದರೂ ನರ ಉಳಿದಿರುವುದು ಅನುಮಾನ. ಅಂಗಳದ ಮೆಟ್ಟಿಲು ತಪ್ಪುತ್ತಿದ್ದರೆ, ಪೇಪರ್ ಬಿಟ್ಟಿದ್ದರೆ, ಅದೇ ಸಮಯ. ತೀರಾ ಗಟ್ಟಿ ಪೊರೆಗೆ 6-7 ಮಿಲಿಮೀಟರ್ ಸೀಳಿನ, ಹೊಲಿಗೆಯಿಲ್ಲದ ಇನ್ನೊಂದು ವಿಧಾನ ಇದೆ. ಅದು ಕೀಳಲ್ಲ, ಎಷ್ಟೋ ಸಲ ಅದೇ ಸುರಕ್ಷಿತ.

ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಯಾವಾಗಲೋ ತೆಗೆದುಕೊಂಡಿದ್ದರೂ, ತಪ್ಪದೆ ಹೇಳಿ. ಪಾಪೆಯ ಸುತ್ತಲಿನ ಪದರ ಸಡಿಲವಾಗಿ ಆಪರೇಷನ್ ನಡುವೆ ತೊಯ್ದಾಡುತ್ತದೆ. ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಿರುತ್ತಾರೆ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಆಪರೇಷನ್ ಉಚಿತ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ.

ಲೆನ್ಸ್ ಯಾವುದು ಹಾಕಿಸಲಿ? ದುಬಾರಿದು ಹಾಕಿದ್ರೆ ಕನ್ನಡಕವೇ ಬೇಡ ಅಂದ್ರು.

ಸಾದಾ ಮೊನೋಫೋಕಲ್ ಲೆನ್ಸ್ ಒಂದು ದೂರಕ್ಕೆ ಮಾತ್ರ ತೀಕ್ಷ್ಣ. ಸಾಮಾನ್ಯವಾಗಿ ದೂರಕ್ಕೆ ಹಾಕಿ, ಓದಲು ಚಾಳೀಸು ಕೊಡುತ್ತಾರೆ. ಸಿಲಿಂಡರ್ ನಂಬರ್ ಇದ್ದವರಿಗೆ ಅದನ್ನೂ ತಿದ್ದುವ ಟೋರಿಕ್ ಲೆನ್ಸ್. ಮಲ್ಟಿಫೋಕಲ್ ಒಂದೇ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ. ಹಂಚಿದ್ದರಿಂದ ಮಂದ ಬೆಳಕಿನಲ್ಲಿ ಸ್ಪಷ್ಟತೆ ಇಳಿಯುತ್ತದೆ, ದೀಪದ ಸುತ್ತ ಬಳೆಗಳು ಕಾಣುತ್ತವೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೆ, ಗ್ಲಾಕೋಮಾ ಇದ್ದವರಿಗೆ, ರಾತ್ರಿ ಗಾಡಿ ಓಡಿಸುವವರಿಗೆ ಅದು ಬೇಡ. ಇವರಿಗೆಲ್ಲ ಸಾದಾ ಲೆನ್ಸೇ ಮೇಲು. ದುಡ್ಡಿಗೂ ದೃಷ್ಟಿಗೂ ಇಲ್ಲಿ ನೇರ ಸಂಬಂಧ ಇಲ್ಲ.

ಎರಡು ವರ್ಷಕ್ಕೆ ಪೊರೆ ಮತ್ತೆ ಬಂದಿದೆ ಅಂತಾರೆ.

ತೆಗೆದ ಪೊರೆ ಮತ್ತೆ ಬರುವುದಿಲ್ಲ. ಲೆನ್ಸ್ ಕೂರಿಸಿದ ಚೀಲದ ಹಿಂಪದರ ಮಸುಕಾಗಿರುತ್ತದೆ. ಯಾಗ್ ಲೇಸರಿನಿಂದ ಅದರಲ್ಲೊಂದು ಕಿಂಡಿ ತೆರೆದರೆ ಸಾಕು, ಕೆಲವೇ ನಿಮಿಷದ ಕೆಲಸ.

## ಸಿಕ್ಕಿನ ಪ್ರಶ್ನೆಗಳು

ರಾತ್ರಿ ಘಾಟಿಯಲ್ಲಿ ಗಾಡಿ ಓಡಿಸ್ತೀನಿ. ಲೈಟು ಒಡೆದ ಹಾಗೆ ಕಾಣುತ್ತೆ ಅಂತಾರಲ್ಲ?

ಲೇಸರ್ ತಿದ್ದುವುದು ಕಾರ್ನಿಯಾದ ನಡುವಿನ 6ರಿಂದ 6.5 ಮಿಲಿಮೀಟರ್ ಭಾಗವನ್ನು. ಕತ್ತಲಲ್ಲಿ ನಿಮ್ಮ ಪಾಪೆ 7 ಮಿಲಿಮೀಟರ್ ಅಗಲವಾದರೆ ತಿದ್ದದ ಅಂಚಿನಿಂದಲೂ ಬೆಳಕು ನುಗ್ಗಿ, ಎದುರು ಲಾರಿಯ ಹೆಡ್‌ಲೈಟಿನ ಸುತ್ತ ಪರಿವೇಷ ಕಟ್ಟುತ್ತದೆ. ನಂಬರ್ ದೊಡ್ಡದಾದಷ್ಟೂ ಇದು ಹೆಚ್ಚು. ಬಹುಪಾಲು ಜನರಿಗೆ ಮೂರರಿಂದ ಆರು ತಿಂಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಉಳಿಯುತ್ತದೆ. ಟ್ಯಾಕ್ಸಿ, ಬಸ್ಸು, ಲಾರಿಯೇ ಜೀವನವಾದವರು ತಮ್ಮ ಪಾಪೆಯ ಅಳತೆ ಕೇಳಿ ಬರೆದುಕೊಂಡೇ ತೀರ್ಮಾನಿಸಿ. ಮೊದಲ ತಿಂಗಳು ರಾತ್ರಿ ಆಗುಂಬೆ, ಹುಲಿಕಲ್ ಇಳಿಯಬೇಡಿ.

ನಿಜ ಹೇಳಿ, ಕಣ್ಣು ಹೋಗೋ ಸಾಧ್ಯತೆ ಇದೆಯಾ?

ಲೇಸರಿನಿಂದ ಪೂರ್ತಿ ಕುರುಡಾಗುವುದು ಬಹಳ ಅಪರೂಪ. ಸಾಮಾನ್ಯವಾಗಿ ಕಾಡುವುದು ಒಣಕಣ್ಣು, ಚೂರು ಉಳಿದ ನಂಬರ್, ರಾತ್ರಿಯ ಪರಿವೇಷ. ಅಪರೂಪವಾದರೂ ಕೆಟ್ಟದ್ದು ಸೋಂಕು ಮತ್ತು ಎಕ್ಟೇಸಿಯಾ. ನೋವು ದಿನದಿಂದ ದಿನಕ್ಕೆ ಇಳಿಯುವ ಬದಲು ಏರಿದರೆ, ಬಂದಿದ್ದ ದೃಷ್ಟಿ ಮತ್ತೆ ಮಸುಕಾದರೆ, ಕೀವು ಬಂದರೆ, ಬೆಳಕು ನೋಡಲಾಗದಿದ್ದರೆ ಅದೇ ದಿನ ತೋರಿಸಿ. "ನಾಳೆ ಭಾನುವಾರ, ಸೋಮವಾರ ಹೋಗೋಣ" ಅನ್ನಬೇಡಿ. ಮಿಂಚು ಹೊಡೆದಂತಾಗುವುದು, ಕಣ್ಣೆದುರು ನೊಣ ಹಾರಿದಂತಾಗುವುದು, ಒಂದು ಮೂಲೆಯಿಂದ ಪರದೆ ಇಳಿಯುವುದು ರೆಟಿನಾ ಕಳಚುವ ಲಕ್ಷಣ. ಆಪರೇಷನ್ ಆಗಿ ಹತ್ತು ವರ್ಷವಾಗಿದ್ದರೂ ಓಡಿ.

ಚಿಕ್ಕಂದಿನಿಂದ ಮಂದವಿರುವ ಸೋಮಾರಿ ಕಣ್ಣನ್ನು ಲೇಸರ್ ಚುರುಕು ಮಾಡುವುದಿಲ್ಲ. ಒಂದೇ ಕಣ್ಣಿನಲ್ಲಿ ದೃಷ್ಟಿ ಇರುವವರು ಆ ಒಂದನ್ನು ಈ ಆಪರೇಷನ್ನಿಗೆ ಒಡ್ಡದಿರುವುದೇ ಲೇಸು.

ರೈಲ್ವೆ, ಸೈನ್ಯದ ಪರೀಕ್ಷೆ ಬರೀತಿದ್ದೀನಿ. ಕನ್ನಡಕ ತೆಗೆಸಿದ್ರೆ ಆಯ್ಕೆ ಸುಲಭನಾ?

ಕೆಲವು ಹುದ್ದೆಗೆ ಅದೇ ಅಡ್ಡಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಮಾಡಿಸಿದವರನ್ನು ತೆಗೆದುಕೊಳ್ಳುವುದಿಲ್ಲ. ಕಾರ್ನಿಯಾದ ನಕ್ಷೆ ತೆಗೆದರೆ ಗೊತ್ತಾಗಿಬಿಡುತ್ತದೆ, ಬಚ್ಚಿಡಲಾಗದು. ಸೈನ್ಯ, ಪೊಲೀಸ್ ಹುದ್ದೆಗಳಲ್ಲಿ ನಿಯಮ ಹುದ್ದೆಗೊಂದು ಬಗೆ. ಅಧಿಸೂಚನೆಯ ವೈದ್ಯಕೀಯ ಅರ್ಹತೆಯ ಭಾಗವನ್ನು ಮೊದಲು ಓದಿ, ಆಮೇಲೆ ಆಸ್ಪತ್ರೆ. ಕೆತ್ತಿದ ಕಾರ್ನಿಯಾ ಮರಳಿ ಬೆಳೆಯದು.

ಇನ್ಶೂರೆನ್ಸ್ ಸಿಗುತ್ತಾ?

ಆರೋಗ್ಯ ವಿಮೆಯ ಸಾಮಾನ್ಯ ನಿಯಮದಲ್ಲಿ 7.5 ಡಯಾಪ್ಟರ್‌ಗಿಂತ ಕಡಿಮೆ ನಂಬರ್ ತೆಗೆಸುವ ಖರ್ಚು ಹೊರಗೆ. ಪೊರೆಗೆ ಸಿಗುತ್ತದೆ, ಆದರೆ ಪಾಲಿಸಿ ಮಾಡಿಸಿ ಸಾಮಾನ್ಯವಾಗಿ ಎರಡು ವರ್ಷ ಆಗಿರಬೇಕು. ಆಸ್ಪತ್ರೆ ಹೇಳಿದ ದರ ಒಂದು ಕಣ್ಣಿಗಾ ಎರಡಕ್ಕಾ, ಟೆಸ್ಟು, ಡ್ರಾಪ್ಸು, ನಂಬರ್ ಉಳಿದರೆ ಮತ್ತೆ ಮಾಡುವ ಖರ್ಚು ಸೇರಿದೆಯಾ ಎಂದು ಬರಹದಲ್ಲೇ ಕೇಳಿ.

ಈಗ ಲೇಸರ್ ಮಾಡಿಸಿದ್ರೆ, ಮುದುಕರಾದ ಮೇಲೆ ಪೊರೆ ಆಪರೇಷನ್‌ಗೆ ತೊಂದರೆ ಆಗುತ್ತಾ?

ಆಪರೇಷನ್ನಿಗೆ ತೊಂದರೆ ಇಲ್ಲ, ಲೆನ್ಸಿನ ಪವರ್ ಲೆಕ್ಕಕ್ಕೆ ಇದೆ. ಕಣ್ಣಿನ ಉದ್ದ ಮತ್ತು ಕಾರ್ನಿಯಾದ ಬಾಗು ಎರಡನ್ನು ಹಿಡಿದು ಆ ಲೆಕ್ಕ ಹಾಕುತ್ತಾರೆ. ಲೇಸರ್ ಮುಂದಿನ ಮೈಯ ಬಾಗನ್ನು ಮಾತ್ರ ಬದಲಿಸಿರುತ್ತದೆ, ಮಾಮೂಲಿ ಯಂತ್ರ ಅದನ್ನು ತಪ್ಪಾಗಿ ಓದಿ, ಪೊರೆ ತೆಗೆದ ಮೇಲೆ ಪ್ಲಸ್ ನಂಬರ್ ಉಳಿಯುತ್ತದೆ. ಇದಕ್ಕೆ ಬೇರೆ ಸೂತ್ರಗಳಿವೆ, ಆದರೆ ಲೇಸರ್ ಆಗಿದೆ ಎಂಬುದು ಡಾಕ್ಟರಿಗೆ ಗೊತ್ತಿರಬೇಕು. ಕಣ್ಣಿನ ಒತ್ತಡದ ಅಳತೆಯೂ ಹಾಗೆಯೇ: ತೆಳುವಾದ ಕಾರ್ನಿಯಾ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲಾಕೋಮಾ ಕಣ್ತಪ್ಪಬಹುದು.

ಹಾಗಾಗಿ ಆಪರೇಷನ್ನಿಗೆ ಮೊದಲಿನ ನಂಬರ್, ಕಾರ್ನಿಯಾದ ಬಾಗು ಮತ್ತು ದಪ್ಪ, ಎಷ್ಟು ಮೈಕ್ರಾನ್ ಕೆತ್ತಿದರು, ಯಾವ ದಿನ—ಇಷ್ಟೂ ಇರುವ ಕಾಗದವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಮಲೆನಾಡಿನ ಕಪಾಟಿನಲ್ಲಿ ಮೂವತ್ತು ಮಳೆಗಾಲ ಕಳೆದ ಕಾಗದಕ್ಕೆ ಬೂಷ್ಟು ಹಿಡಿದು ಅಕ್ಷರವೇ ಉಳಿಯುವುದಿಲ್ಲ. ಲ್ಯಾಮಿನೇಟ್ ಮಾಡಿಸಿ ಜಮೀನಿನ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ, ಒಂದು ಫೋಟೋ ತೆಗೆದು ಮಕ್ಕಳ ಫೋನಿಗೂ ಕಳಿಸಿ.